ಸ್ವಿಸ್ ಸೈನ್ಯದ ಕೆ31 ಕಾರ್ಬೈನ್

ಬರ್ನ್, ಸ್ವಿಟ್ಜರ್ಲೆಂಡ್ | ತಯಾರಿಕೆ: 1933–1958 | ಉಕ್ಕು ಮತ್ತು ಮರ

ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಗಡಿ ಕಾದ ಸೈನಿಕರ ಬಂದೂಕು ಇದು. ಬರ್ನ್ ನಗರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಮೊದಮೊದಲು ವಾಲ್‌ನಟ್ ಮರ, ಆಮೇಲೆ ಬೀಚ್ ಮರ ಬಳಸಿದರು.

ಇದರ ಬೋಲ್ಟ್ ತಿರುಗಿಸಬೇಕಿಲ್ಲ. ನೇರವಾಗಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮುಂದಿನ ಗುಂಡು ಸಿದ್ಧ. ಮ್ಯಾಗಜೀನ್‌ನಲ್ಲಿ 7.5 ಮಿ.ಮೀ. ಅಳತೆಯ 6 ಗುಂಡುಗಳು ಹಿಡಿಯುತ್ತವೆ.

ಸೈನ್ಯಕ್ಕೆ ಹೊಸ ರೈಫಲ್ ಬಂದ ಮೇಲೆ ಹಳೆಯವು ಹೆಚ್ಚುವರಿ ಸಾಮಗ್ರಿಯಾಗಿ ಮಾರಾಟವಾಗಿ, ಅಮೆರಿಕದ ಸಂಗ್ರಾಹಕರ ಕೈಗೂ ಸೇರಿದವು. ಕೊಳ್ಳುವವರು ನಳಿಗೆಯೊಳಗೆ ತುಕ್ಕು ಹಿಡಿದಿದೆಯೇ, ಮರ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾರೆ. ಆಮದುದಾರರ ಮುದ್ರೆ ಎಲ್ಲಿದೆ ಎಂದೂ ಹುಡುಕುತ್ತಾರೆ.

ಗಮನಿಸಿ: ನಳಿಗೆಯ ಬುಡದಲ್ಲಿ ಸ್ವಿಸ್ ಶಿಲುಬೆಯ ಮುದ್ರೆಯಿದೆ. ಬಂದೂಕಿನ ಒಡಲು, ಬೋಲ್ಟ್ ಮತ್ತು ಮ್ಯಾಗಜೀನ್ ಮೇಲೆ ಒಂದೇ ಸಂಖ್ಯೆಯಿದ್ದರೆ ಭಾಗಗಳು ಅದಲುಬದಲಾಗಿಲ್ಲ ಎಂದರ್ಥ. ಅಂಥದ್ದಕ್ಕೇ ಹೆಚ್ಚು ಬೆಲೆ.

ಸ್ವಿಸ್ ಸೈನಿಕರು ಬಂದೂಕನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಬಂದೂಕಿನ ಹಿಂಬದಿಯ ಲೋಹದ ತಗಡು ಬಿಚ್ಚಿದಾಗ, ಬಂದೂಕು ಹೊತ್ತವನ ಹೆಸರು, ವಿಳಾಸ ಬರೆದ ಚೀಟಿ ಹಲವು ಸಂಗ್ರಾಹಕರಿಗೆ ಸಿಕ್ಕಿದೆ.