ಕಾಲಿನ ರಕ್ತವನ್ನು ಅಳೆದ ಬಗೆ

1831ರಲ್ಲಿ ಬೂಲೇ ಎಂಬ ಫ್ರೆಂಚ್ ಪಶುವೈದ್ಯ ಗಾಡಿಯೆಳೆಯುವ ಹೆಣ್ಣುಕುದುರೆಯೊಂದರ ವಿಚಿತ್ರ ಕುಂಟನ್ನು ವರ್ಣಿಸಿದ. ನಿಂತಾಗ ಅದರಲ್ಲಿ ದೋಷವೇನೂ ಕಾಣದು. ತುಸು ದೂರ ಓಡಿದೊಡನೆ ಹಿಂಗಾಲು ಸೋಲುವುದು. ದಣಿವಾರಿದರೆ ಮತ್ತೆ ಸರಿಹೋಗುವುದು. ಹಿಂಗಾಲಿಗೆ ರಕ್ತ ಒಯ್ಯುವ ಅಪಧಮನಿ ಮುಚ್ಚಿಹೋಗಿತ್ತು. 1858ರಲ್ಲಿ ಶಾರ್ಕೊ ಇದೇ ಲಕ್ಷಣವನ್ನು ಮನುಷ್ಯನಲ್ಲಿ ಗುರುತಿಸಿದ. ವೈದ್ಯರ 'ಕ್ಲಾಡಿಕೇಶನ್' ಪದ ಲ್ಯಾಟಿನ್‌ನಲ್ಲಿ ಬರಿಯ ಕುಂಟುವಿಕೆ. 'ಮೀನಖಂಡ ಹಿಡಿದುಕೊಳ್ಳುತ್ತದೆ' ಎನ್ನುವ ನಮ್ಮ ಹಿರಿಯರ ಮಾತು ಅದಕ್ಕಿಂತ ನಿಖರವಾದುದು, ಏಕೆಂದರೆ ಹಸಿದಿರುವುದು ಸ್ನಾಯು.

ಆ ಹಸಿವನ್ನು ಅಳೆಯುವುದೆಂತು? 1909ರಲ್ಲಿ ಅಮೆರಿಕದ ಹ್ಯೂಲೆಟ್ ಮತ್ತು ವಾನ್ ಜ್ವಾಲುವೆನ್‌ಬರ್ಗ್ ಸರಳವಾದ ಉಪಾಯವೊಂದನ್ನು ತೋಳಿಗೆ ಅಳವಡಿಸಿದರು. ಪಟ್ಟಿ ಕಟ್ಟಿ, ಅಭಿಧಮನಿಗಳು ಮಾತ್ರ ಮುಚ್ಚುವಷ್ಟು ಗಾಳಿ ತುಂಬಿದರೆ ಒಳಬಂದ ರಕ್ತ ಹೊರಹೋಗಲಾರದು. ಅಂಗ ಉಬ್ಬುವ ವೇಗವೇ ಹರಿವಿನ ಅಳತೆ. ತೊಟ್ಟಿಯ ತೂಬು ಮುಚ್ಚಿ ನೀರೇರುವುದನ್ನು ನೋಡಿದಂತೆ. ಆದರೆ ಚರ್ಮ, ಮೂಳೆ, ಸ್ನಾಯುಗಳ ಲೆಕ್ಕ ಅಲ್ಲಿ ಬೇರೆಬೇರೆಯಾಗದು. 1949ರಲ್ಲಿ ಕೆಟಿ ಸ್ನಾಯುವಿಗೇ ವಿಕಿರಣಶೀಲ ಸೋಡಿಯಂ ಚುಚ್ಚಿ, ಅದು ಕೊಚ್ಚಿಹೋಗುವ ವೇಗವನ್ನು ಅಳೆದರು. ಸೂಜಿ ತಾಗಿದ ಜಾಗದ ಸುದ್ದಿಯಷ್ಟೇ ಅದರಿಂದ ದೊರೆಯಿತು.

ಚಿಕಿತ್ಸಾಲಯದಲ್ಲಿ ನೆಲೆನಿಂತದ್ದು 1950ರಲ್ಲಿ ವಿನ್ಸರ್ ವಿವರಿಸಿದ ಹೋಲಿಕೆ: ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುವುದು. 0.9ಕ್ಕಿಂತ ಕಡಿಮೆಯಿದ್ದರೆ ರೋಗವೆಂದು ಎಣಿಕೆ. ಅಗ್ಗದ, ಒಳ್ಳೆಯ ಪರೀಕ್ಷೆ. ಆದರೂ ಒತ್ತಡವೇ ಹರಿವಲ್ಲ. ಮಧುಮೇಹದಲ್ಲಿ ಸುಣ್ಣಗಟ್ಟಿದ ಅಪಧಮನಿ ಪಟ್ಟಿಯ ಒತ್ತಡಕ್ಕೆ ಬಗ್ಗದೆ, ಅಂಕಿ ಸಹಜವೆಂದೇ ತೋರಬಹುದು. ನಡೆಯಲಾಗದವನಿಗೆ 'ಕಾಲು ಚೆನ್ನಾಗಿದೆ' ಎಂಬ ಉತ್ತರ ಸಿಗುವುದು ಹೀಗೆ.

ಇನ್ನೊಂದು ದಾರಿ ತೆರೆದದ್ದು ರಕ್ತದ ಕಾಂತಗುಣದಿಂದ. 1845ರಲ್ಲಿ ಫ್ಯಾರಡೆ ಒಣಗಿದ ರಕ್ತವನ್ನು ಕಾಂತದ ಬಳಿ ಹಿಡಿದು ನೋಡಿದ. ಕಬ್ಬಿಣವಿದ್ದರೂ ಅದು ಆಕರ್ಷಿತವಾಗಲಿಲ್ಲ. ಹಸಿರಕ್ತವನ್ನೂ ಪರೀಕ್ಷಿಸಬೇಕೆಂದು ದಿನಚರಿಯಲ್ಲಿ ಗುರುತು ಹಾಕಿಕೊಂಡ. ಉತ್ತರ ಬಂದದ್ದು 1936ರಲ್ಲಿ: ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಕೆ ಒಲಿಯುತ್ತದೆ, ಪಡೆದದ್ದು ಒಲಿಯುವುದಿಲ್ಲ ಎಂದು ಪೌಲಿಂಗ್ ಮತ್ತು ಕೊರಿಯೆಲ್ ತೋರಿಸಿದರು. ಇದನ್ನೇ ಹಿಡಿದು 1990ರಲ್ಲಿ ಒಗಾವ ಎಂಆರ್‌ಐ ಯಂತ್ರದಲ್ಲಿ ಇಲಿಯ ಮಿದುಳಿನ ರಕ್ತದ ಆಮ್ಲಜನಕದ ಏರಿಳಿತವನ್ನು ಚಿತ್ರವಾಗಿಸಿದರು. 1992ರಲ್ಲಿ ಡೆಟ್ರೆ, ಕೊರೆಟ್‌ಸ್ಕಿ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಅಪಧಮನಿಯ ರಕ್ತದಲ್ಲಿನ ನೀರಿಗೇ ರೇಡಿಯೋ ತರಂಗದಿಂದ ಗುರುತು ಹಾಕಿದರು. ಸೂಜಿಯಿಲ್ಲ, ಬಣ್ಣದ ಔಷಧಿಯಿಲ್ಲ. 2006ರಲ್ಲಿ ಗ್ಯಾಡೋಲಿನಿಯಂ ಔಷಧಿಗೂ ಮೂತ್ರಪಿಂಡ ರೋಗಿಗಳ ಚರ್ಮ ಗಡುಸಾಗುವ ಕಾಯಿಲೆಗೂ ಸಂಬಂಧ ಕಂಡ ಮೇಲೆ ಇದರ ಬೆಲೆ ಹೆಚ್ಚಿತು. ಕಾಲಿನ ಅಪಧಮನಿ ಕಟ್ಟಿದವರಲ್ಲಿ ಅನೇಕರಿಗೆ ಮೂತ್ರಪಿಂಡವೂ ಸೋತಿರುತ್ತದೆ.

ಕಾಲಿಗೆ ಬಂದಾಗ ತೊಡಕು ಬೇರೆ. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ನಿಮಿಷಕ್ಕೆ, 100 ಗ್ರಾಂಗೆ, ಕೆಲವೇ ಮಿಲಿಲೀಟರ್ ರಕ್ತ ಸಾಕು. ಅಷ್ಟು ಕ್ಷೀಣ ಸಂಕೇತ ಯಂತ್ರದ ಗದ್ದಲದಲ್ಲಿ ಮುಳುಗುತ್ತದೆ. ಆದ್ದರಿಂದ ಸಂಶೋಧಕರು ಯಂತ್ರದೊಳಗೇ ಪಾದದಿಂದ ಪೆಡಲ್ ಒತ್ತಿಸುತ್ತಾರೆ, ಇಲ್ಲವೇ ತೊಡೆಗೆ ಪಟ್ಟಿ ಬಿಗಿದು, ಕೆಲವು ನಿಮಿಷ ರಕ್ತವನ್ನು ಪೂರ್ತಿ ತಡೆದು, ಸಡಿಲಿಸುತ್ತಾರೆ. ಹಳೆಯ ಪಟ್ಟಿ ಇಲ್ಲಿ ಮತ್ತೆ ಹಾಜರು! ಆರೋಗ್ಯವಂತನಲ್ಲಿ ರಕ್ತ ನುಗ್ಗಿ ಬೇಗನೆ ಶಿಖರ ಮುಟ್ಟುತ್ತದೆ. ರೋಗಿಯಲ್ಲಿ ಶಿಖರ ತಗ್ಗು, ತಡ. ಆದರೆ ನೀರಿನ ಮೇಲಿನ ಗುರುತು ಒಂದೆರಡು ಸೆಕೆಂಡುಗಳಲ್ಲೇ ಮಾಸುತ್ತದೆ. ಮುಚ್ಚಿದ ಹೆದ್ದಾರಿಯನ್ನು ಬಿಟ್ಟು ಸಣ್ಣ ಕವಲುಗಳಲ್ಲಿ ಬಳಸಿ ಬರುವ ರಕ್ತ ಸ್ನಾಯು ಸೇರುವ ಹೊತ್ತಿಗೆ ಗುರುತು ಅಳಿಸಿರಬಹುದು. ಹೀಗಾಗಿ ರೋಗ ತೀವ್ರವಾದಷ್ಟೂ ಅಳತೆ ಕಷ್ಟ, ಇರುವ ಹರಿವೂ ಇಲ್ಲವೆಂದು ಕಾಣುವ ಅಪಾಯವಿದೆ. ಈ ವಿಧಾನ ಬಹುಪಾಲು ಸಂಶೋಧನಾಲಯದಲ್ಲೇ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಹೊರರೋಗಿ ವಿಭಾಗದಲ್ಲಿ ಈಗಲೂ ಮೊದಲು ಕೈಗೆ ಬರುವುದು ವಿನ್ಸರ್ ಅವರ ಭಾಗಾಕಾರ.