ಕೆಸರಿಗೂ ಒಂದು ಇತಿಹಾಸ: ಥಾಣೆ ಖಾಡಿಯಲ್ಲಿ ದೋಣಿಯಾನ

ಒಂದು ಊರಿನ ಇತಿಹಾಸವನ್ನು ಕೋಟೆ, ದೇಗುಲ, ಶಾಸನಗಳಲ್ಲಿ ಹುಡುಕುವುದು ನಮಗೆಲ್ಲ ರೂಢಿ. ಕೆಸರಿಗೂ ಇತಿಹಾಸವಿದೆ ಎಂಬುದು ನಮಗೆ ಮನವರಿಕೆಯಾದದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ಐರೋಳಿಯಿಂದ ಥಾಣೆ ಖಾಡಿಯೊಳಗೆ ದೋಣಿಯಲ್ಲಿ ಸಾಗುತ್ತಿದ್ದಾಗ. ಇಲ್ಲಿ ಹೊರಡುವ ವೇಳೆಯನ್ನು ನಿಶ್ಚಯಿಸುವುದು ಗಡಿಯಾರವಲ್ಲ, ಕಡಲಿನ ಭರತ ಮತ್ತು ಇಳಿತ. ನೀರು ತೀರ ಇಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ತೀರ ಏರಿದರೆ ಹಕ್ಕಿಗಳು ಮೇಯುವ ಬಯಲೇ ಮುಳುಗಿಹೋಗುತ್ತದೆ.

ಸುಮಾರು 26 ಕಿ.ಮೀ. ಉದ್ದದ ಈ ಖಾಡಿ ಸಾಷ್ಟಿ ದ್ವೀಪವನ್ನು ಪೂರ್ವದ ನೆಲದಿಂದ ಬೇರ್ಪಡಿಸುತ್ತದೆ. ಅದೇ ದ್ವೀಪದ ಕಾನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. 'ಕವಿರಾಜಮಾರ್ಗ' ರೂಪುಗೊಂಡ ಕಾಲದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಆತನ ಮಾಂಡಲಿಕರಾದ ಶಿಲಾಹಾರರು. 14ನೆಯ ಶತಮಾನದ ಮೊದಲ ಭಾಗದಲ್ಲಿ ಥಾಣೆಗೆ ಬಂದ ಇಟಲಿಯ ಕ್ರೈಸ್ತ ಯತಿ ಒಡೊರಿಕ್ ಇಲ್ಲಿನ ಪ್ರಾಣಿಗಳನ್ನು ಕಂಡು ಬೆರಗಾದ. ಕಪ್ಪು ಸಿಂಹಗಳು, ಪಾರಿವಾಳದ ಗಾತ್ರದ ಬಾವಲಿಗಳು, ನಾಯಿಯ ಗಾತ್ರದ ಇಲಿಗಳು ಎಂದು ಬರೆದಿಟ್ಟ. ಸಿಂಹದ ಮಾತು ಹೇಗೋ ಏನೋ, ಮುಂಬಯಿಯ ಹೆಗ್ಗಣಗಳನ್ನು ಬಲ್ಲ ನಾವು ಇಲಿಯ ವಿಷಯದಲ್ಲಿ ಆತನನ್ನು ಪೂರ್ತಿ ಅಲ್ಲಗಳೆಯಲಾರೆವು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿತು. ಮರುವರ್ಷವೇ ಹಳಿಗಳು ಖಾಡಿಯನ್ನು ದಾಟಿ ಕಲ್ಯಾಣ ಸೇರಿದವು.

ಅರಸರು, ಯತಿಗಳು, ಎಂಜಿನಿಯರುಗಳು ಎಲ್ಲರೂ ದಾಖಲೆಗಳಲ್ಲಿ ಉಳಿದರು. ಇಳಿತದ ಹೊತ್ತಿಗೆ ಮೊಣಕಾಲುದ್ದದ ಕೆಸರಿಗಿಳಿದು ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದ ಕೋಳಿ ಸಮುದಾಯದ ಹೆಂಗಸರ ಹೆಸರು ಮಾತ್ರ ಯಾವ ಶಿಲೆಯ ಮೇಲೂ ಬರಲಿಲ್ಲ.

ಆ ಇತಿಹಾಸವನ್ನು ನಮಗೆ ಓದಿಸಿದವರು ನಮ್ಮ ಮಾರ್ಗದರ್ಶಿ, ಅದೇ ಸಮುದಾಯದ ನಡುವಯಸ್ಸಿನ ವ್ಯಕ್ತಿ. ದೋಣಿ ಏರುವ ಮುನ್ನ ಅವರು ತಮ್ಮ ಊರಂಚಿನಲ್ಲಿ ನೆಲಕ್ಕಂಟಿ ಬೆಳೆದ 'ಮೋರಸ್' ಸೊಪ್ಪನ್ನು ತೋರಿಸಿದರು. ಒಂದು ಎಳೆಯೆಲೆಯನ್ನು ಬಾಯಿಗಿಟ್ಟೆವು. ಕಡಲೇ ನಾಲಗೆಯ ಮೇಲೆ ಕೂತಂತಾಯಿತು. ಇದನ್ನು ಕುದಿಸಿ, ಹಿಂಡಿ, ಉಪ್ಪು ತೆಗೆದ ಮೇಲೆಯೇ ಪಲ್ಯ ಮಾಡಬೇಕಂತೆ. ದೋಣಿಯಿಂದ ಅವರು ಬೆರಳು ಮಾಡಿದ ಕಡೆಯೆಲ್ಲ ಕಣ್ಣು ಹಾಯಿಸಿದೆವು: ಉಸಿರುಬೇರುಗಳ ನಡುವೆ ಕುಪ್ಪಳಿಸುವ ನಿವಟಿ ಮೀನು, ಬಿಲದ ಬಾಯಲ್ಲಿ ಕೊಂಬು ಚಾಚಿದ ಏಡಿ, ಚಿಪ್ಪು ಹುದುಗಿರುವ ಜಾಗವನ್ನು ಸೂಚಿಸುವ ಸಣ್ಣ ರಂಧ್ರಗಳು. ಅಭಯಾರಣ್ಯದಲ್ಲಿ ಪ್ರವಾಸಿಗರು ಏನನ್ನೂ ಕೀಳುವಂತಿಲ್ಲ, ಹಿಡಿಯುವಂತಿಲ್ಲ. "ನನ್ನಜ್ಜಿ ಇಲ್ಲಿ ಬುಟ್ಟಿ ತುಂಬಿಸುತ್ತಿದ್ದಳು, ನಾನು ಬೆರಳು ತೋರಿಸುತ್ತೇನೆ" ಎಂದು ಅವರು ನಕ್ಕರು. ನಮಗೆ ನಗಲಾಗಲಿಲ್ಲ.

ತಿರುವೊಂದನ್ನು ದಾಟಿದೊಡನೆ ಬಯಲೇ ಗುಲಾಬಿಯಾಯಿತು. ಸಾವಿರಾರು ಫ್ಲೆಮಿಂಗೊಗಳು, ನಮ್ಮವರು ರಾಜಹಂಸವೆನ್ನುವ ಹಕ್ಕಿಗಳು, ತಲೆ ಕೆಳಗಾಗಿಸಿ ಕೆಸರು ಸೋಸುತ್ತಿದ್ದವು. ಮುಂಬಯಿಯಲ್ಲಿ ಇವು ದೊಡ್ಡ ಸಂಖ್ಯೆಯಲ್ಲಿ ಕಾಣತೊಡಗಿದ್ದು 1990ರ ದಶಕದಿಂದ. ಇವುಗಳಲ್ಲಿ ಹೆಚ್ಚಿನವಾದ ಕಿರಿಯ ಫ್ಲೆಮಿಂಗೊಗಳ ಮುಖ್ಯ ಆಹಾರ ನೀಲಿಹಸಿರು ಪಾಚಿ. ಆ ಪಾಚಿಗೆ ಗೊಬ್ಬರವಾಗುವುದು ನಗರ ಹರಿಯಬಿಡುವ ಕೊಳಚೆಯಲ್ಲಿನ ಸಾರಜನಕ ಮತ್ತು ರಂಜಕ. ಕಾರ್ಖಾನೆಗಳ ತ್ಯಾಜ್ಯದೊಂದಿಗೆ ಸೇರಿ ಮೀನುಗಾರರ ಬಲೆಯನ್ನು ಬರಿದಾಗಿಸಿದ ಕೊಳಚೆಯೇ ಹಕ್ಕಿಗಳ ಹೊಟ್ಟೆ ತುಂಬಿಸುತ್ತಿದೆ. ನಾವು ಕ್ಯಾಮೆರಾ ಎತ್ತಿ ಹಿಡಿದ ಸೌಂದರ್ಯದ ಬೆಲೆಯನ್ನು ತೆತ್ತವರು ಚುಕ್ಕಾಣಿ ಹಿಡಿದು ನಮ್ಮ ಹಿಂದೆಯೇ ಕುಳಿತಿದ್ದರು.

ರಕ್ಷಣೆಯ ಇತಿಹಾಸವೂ ಸಣ್ಣದಲ್ಲ. 2005ರಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಾಡುಗಳ ನಾಶವನ್ನು ತಡೆಯಿತು. 2015ರಲ್ಲಿ ಖಾಡಿಯ ಸುಮಾರು 1,690 ಹೆಕ್ಟೇರ್ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಅದನ್ನೂ ಒಳಗೊಂಡ 6,521 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣವೆನಿಸಿತು. ಇವಿಲ್ಲದಿದ್ದರೆ ನಾವು ದೋಣಿಯಲ್ಲಲ್ಲ, ಯಾವುದೋ ವಸತಿ ಸಂಕೀರ್ಣದ ಪಾರ್ಕಿಂಗಿನಲ್ಲಿ ನಿಂತಿರುತ್ತಿದ್ದೆವೇನೋ. ಇರಾನಿನ ರಾಮ್ಸರ್‌ನಲ್ಲಿ 1971ರಲ್ಲಿ ಆದ ಒಪ್ಪಂದದ ತಿರುಳು ಜೌಗುನೆಲಗಳ 'ವಿವೇಕಯುತ ಬಳಕೆ'. ಬಳಕೆ ಎಂಬ ಮಾತು ಅದರಲ್ಲಿ ಸುಮ್ಮನೆ ಬಂದಿಲ್ಲ. ಮನುಷ್ಯರನ್ನು ಹೊರಗಟ್ಟಿ ಬೇಲಿ ಹಾಕುವುದು ಆ ಒಪ್ಪಂದದ ಉದ್ದೇಶವಲ್ಲ. 2024ರಲ್ಲಿ ಅದೇ ಮನ್ನಣೆ ಪಡೆದ ನಮ್ಮ ಅಘನಾಶಿನಿ ಅಳಿವೆಯ ಜನ ಇಂದಿಗೂ ಇಳಿತದಲ್ಲಿ ಚಿಪ್ಪು ಹೆಕ್ಕುತ್ತಾರೆ. ಅಲ್ಲಿ ಬದುಕಾಗಿರುವುದು ಇಲ್ಲಿ ಪ್ರದರ್ಶನವಾಗಿದೆ.

ಖಾಡಿಯನ್ನು ಉಳಿಸುವುದೆಂದರೆ ಹಕ್ಕಿಯನ್ನು ಉಳಿಸುವುದಷ್ಟೇ ಅಲ್ಲ. ಆ ಕೆಸರನ್ನು ಓದಬಲ್ಲವರು ಮತ್ತೆ ಅದರಿಂದ ಉಣ್ಣುವಂತಾಗಬೇಕು. ಕೊಳಚೆಯನ್ನು ಶುದ್ಧಗೊಳಿಸದೆ ಅದು ಆಗದು, ಮತ್ತು ಆ ಕೊಳಚೆಯಲ್ಲಿ ನಮ್ಮ ಮನೆಗಳ ಪಾಲೂ ಇದೆ. ದಡಕ್ಕೆ ಮರಳುವಾಗ ನೀರು ಏರತೊಡಗಿತ್ತು. ರಂಧ್ರಗಳು ಒಂದೊಂದಾಗಿ ಮುಚ್ಚಿಕೊಂಡವು. ಮೋರಸ್‌ನ ಉಪ್ಪು ಮಾತ್ರ ಇನ್ನೂ ನಾಲಗೆಯ ಮೇಲಿತ್ತು.