ವಿಳಾಸದ ಹಿಂದಿನ ವಿಳಾಸ: ವರ್ಚುವಲ್ ಮಷೀನ್ ಕೋಡನ್ನು ಓದುವವರ ಆರು ದಶಕ

ಆಲಮಟ್ಟಿಯಲ್ಲಿ ನೀರು ನಿಂತಾಗ ಬಸವನ ಬಾಗೇವಾಡಿ ಕಡೆಯ ಎಷ್ಟೋ ಊರುಗಳು ಹಿನ್ನೀರಿನ ಪಾಲಾದವು. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು, ಊರಿನ ಹೆಸರೂ ಅವರ ಜೊತೆಗೇ ಹೋಯಿತು. ಆ ಹೆಸರಿಗೆ ಬರೆದ ಕಾಗದ ಇವತ್ತು ಹೊಸ ನೆಲಕ್ಕೇ ಮುಟ್ಟುತ್ತದೆ. ಯಾವ ಹೆಸರು ಎಲ್ಲಿದೆ ಎಂಬುದು ಅಂಚೆಯವನಿಗೆ ಗೊತ್ತಿರುತ್ತದೆ. ಕಂಪ್ಯೂಟರಿನ ಒಳಗೆ ಈ ಕೆಲಸ ಕ್ಷಣಕ್ಷಣವೂ ನಡೆಯುತ್ತದೆ. ಪ್ರೋಗ್ರಾಂ ಹೇಳುವ ವಿಳಾಸ ಬರೀ ಹೆಸರು. ಮೆಮೊರಿಯಲ್ಲಿ ಅದು ನಿಜವಾಗಿ ಎಲ್ಲಿದೆ ಎಂದು ಹೇಳುವುದು ಪೇಜ್ ಟೇಬಲ್. ವರ್ಚುವಲ್ ಮಷೀನಿನಲ್ಲಿ, ಅಂದರೆ ಒಂದು ಯಂತ್ರದೊಳಗೆ ಸಾಫ್ಟ್‌ವೇರ್ ತೋರಿಸುವ ಇನ್ನೊಂದು ಯಂತ್ರದಲ್ಲಿ, ಈ ಹುಡುಕಾಟ ಎರಡು ಸಲ ಆಗಬೇಕು: ಒಳಗೆ ನಡೆಯುವ ವ್ಯವಸ್ಥೆ, ಅಂದರೆ ‘ಗೆಸ್ಟ್’, ತನ್ನದೆಂದು ತಿಳಿದ ನೆಲವೂ ಇನ್ನೊಂದು ಹೆಸರಷ್ಟೇ. ಈ ಎರಡನೆಯ ಹುಡುಕಾಟದಲ್ಲಿ ಒಂದು ಬಿಟ್ ತಪ್ಪಿದರೆ ಒಬ್ಬರ ಮಾಹಿತಿ ಇನ್ನೊಬ್ಬರ ಕೈಗೆ ಬೀಳುತ್ತದೆ. ಇಂಡಿ ಊರಿನ ಲಿಂಬೆ ವ್ಯಾಪಾರಿ ಫೋನಿನಲ್ಲಿ ಹಣ ಕಳಿಸಿದಾಗ ಆ ಲೆಕ್ಕ ಎಲ್ಲೋ ಒಂದು ಡೇಟಾ ಸೆಂಟರಿನ ಇಂಥ ಯಂತ್ರವನ್ನು ಹಾದುಹೋಗುವುದು ಈಗ ಸಾಮಾನ್ಯ. ಈ ಕೋಡ್ ಬೆಳೆದ ದಾರಿಯನ್ನು ನೋಡುತ್ತ ಬಂದವನಾಗಿ ನನಗೆ ಖಚಿತವಾಗಿರುವ ಮಾತೊಂದಿದೆ: ಇದನ್ನು ಬರೆದವರಷ್ಟೇ, ಬಹುಶಃ ಅವರಿಗಿಂತ ಹೆಚ್ಚಾಗಿ, ಇದನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳಿದವರು ಈ ಕ್ಷೇತ್ರವನ್ನು ಕಟ್ಟಿದ್ದಾರೆ.

ಪೇಜ್ ಟೇಬಲಿನ ಕಲ್ಪನೆ ಮೊದಲು ಯಂತ್ರವಾಗಿ ಬಂದದ್ದು 1962ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿ. ಅದೇ ದಶಕದಲ್ಲಿ ಐಬಿಎಂ ಒಂದೇ ಯಂತ್ರದಲ್ಲಿ ಹಲವು ಯಂತ್ರಗಳನ್ನು ತೋರಿಸುವ ಪ್ರಯೋಗಕ್ಕೆ ಇಳಿಯಿತು. 1972ರ ವಿಎಂ/370 ಅದನ್ನು ಮಾರುಕಟ್ಟೆಗೆ ತಂದಿತು. ಆಗ ಕಂಡುಕೊಂಡ ಉಪಾಯ ‘ನೆರಳು ಟೇಬಲ್’. ಗೆಸ್ಟ್ ತನ್ನ ಟೇಬಲ್ ಬರೆದುಕೊಳ್ಳುತ್ತದೆ. ಗೆಸ್ಟ್‌ಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಅದನ್ನು ಗಮನಿಸುತ್ತ, ಎರಡು ಹುಡುಕಾಟಗಳನ್ನೂ ಕೂಡಿಸಿ ಇನ್ನೊಂದು ಟೇಬಲ್ ಸಿದ್ಧಮಾಡುತ್ತದೆ. ಯಂತ್ರ ನೋಡುವುದು ಈ ನೆರಳನ್ನು ಮಾತ್ರ. 1999ರಲ್ಲಿ ವಿಎಂವೇರ್ ಸಾಮಾನ್ಯ ಪಿಸಿಗೆ ವರ್ಚುವಲ್ ಮಷೀನ್ ತಂದಾಗಲೂ ನೆಚ್ಚಿಕೊಂಡದ್ದು ನೆರಳನ್ನೇ. 2003ರಲ್ಲಿ ಕೇಂಬ್ರಿಜ್‌ನ ಝೆನ್ ಬೇರೆ ದಾರಿ ಹಿಡಿದು, ಗೆಸ್ಟನ್ನೇ ತಿದ್ದಿ ಸಹಕರಿಸುವಂತೆ ಮಾಡಿತು.

ನೆರಳಿನ ತೊಂದರೆ ಅದರ ಖರ್ಚು. ಗೆಸ್ಟ್ ತನ್ನ ಟೇಬಲನ್ನು ಮುಟ್ಟಿದಾಗಲೆಲ್ಲ ಹೈಪರ್‌ವೈಸರ್ ಎದ್ದು ಬರಬೇಕು. 2007ರಲ್ಲಿ ಎಎಂಡಿ, 2008ರಲ್ಲಿ ಇಂಟೆಲ್ ಎರಡೂ ಹುಡುಕಾಟವನ್ನು ಪ್ರೊಸೆಸರಿಗೇ ಒಪ್ಪಿಸಿದವು. ಇದಕ್ಕೂ ಬೆಲೆಯಿದೆ. ಗೆಸ್ಟಿನ ಟೇಬಲಿಗೆ ನಾಲ್ಕು ಹಂತ, ಗೆಸ್ಟನ್ನು ಹೊತ್ತ ಯಂತ್ರವಾದ ಹೋಸ್ಟಿನದಕ್ಕೂ ನಾಲ್ಕು ಹಂತ ಇದ್ದರೆ, ಗೆಸ್ಟಿನ ಒಂದೊಂದು ಹಂತದ ವಿಳಾಸವನ್ನೂ ಹೋಸ್ಟಿನ ಟೇಬಲಿನಲ್ಲಿ ಹುಡುಕಬೇಕು. ಕೊನೆಗೆ ಸಿಕ್ಕ ವಿಳಾಸವನ್ನು ಇನ್ನೊಮ್ಮೆ ಹುಡುಕಬೇಕು. ಎಲ್ಲ ಸೇರಿ ಒಂದೇ ವಿಳಾಸಕ್ಕೆ 24 ಸಲದವರೆಗೆ ಮೆಮೊರಿ ಓದಬೇಕಾಗಬಹುದು. ಸಿಕ್ಕ ಉತ್ತರಗಳನ್ನು ನೆನಪಿಡುವ ಟಿಎಲ್‌ಬಿ ಇರುವುದರಿಂದ ಇದು ನಡೆಯುತ್ತದೆ. ಆದರೆ ಟೇಬಲ್ ಬದಲಾದ ಮೇಲೆ ಆ ಹಳೆಯ ನೆನಪನ್ನು ಸರಿಯಾದ ಹೊತ್ತಿಗೆ ಅಳಿಸುವುದೇ ಇವತ್ತಿಗೂ ಅತಿ ಕಷ್ಟದ ಕೆಲಸ.

2006ರ ಅಕ್ಟೋಬರಿನಲ್ಲಿ ಕ್ಯುಮ್ರಾನೆಟ್ ಕಂಪನಿಯ ಅವಿ ಕಿವಿಟಿ, ಲಿನಕ್ಸನ್ನೇ ಹೈಪರ್‌ವೈಸರ್ ಮಾಡುವ ಕೆವಿಎಂನ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಮುಂದಿಟ್ಟರು. 2007ರ ಫೆಬ್ರವರಿಯಲ್ಲಿ 2.6.20 ಆವೃತ್ತಿಯೊಡನೆ ಅವು ಲಿನಕ್ಸ್ ಕರ್ನಲಿನ ಭಾಗವಾದವು. ಅಲ್ಲಿಂದ ಈ ವಿದ್ಯೆ ಎಲ್ಲರ ಕಣ್ಣೆದುರಿಗೆ ಬಂತು. ಇಂಟೆಲ್, ಎಎಂಡಿ ಯಂತ್ರಗಳಿಗಾಗಿ ಗೆಸ್ಟಿನ ಪೇಜ್ ಟೇಬಲಿನಲ್ಲಿ ಹಂತಹಂತವಾಗಿ ಇಳಿಯುವ ಕೆವಿಎಂ ಕೋಡ್ ಒಂದೇ ಕಡತದಲ್ಲಿದೆ. 32 ಬಿಟ್, 64 ಬಿಟ್, ಇಂಟೆಲ್‌ನ ಎರಡನೆಯ ಹಂತದ ಟೇಬಲ್ ಎಂದು ಮೂರು ರೂಪಕ್ಕೆ ಆ ಒಂದೇ ಕಡತ ಮೂರು ಸಲ ಕಂಪೈಲ್ ಆಗುತ್ತದೆ. ಓದುವವನು ಒಂದು ಸಾಲನ್ನು ಮೂರು ಅರ್ಥದಲ್ಲಿ ಓದಬೇಕು. ಟೇಬಲಿನ ನಮೂದಿನಲ್ಲಿ ‘ಬಳಸಲಾಗಿದೆ’ ಎಂಬ ಗುರುತು ಹಾಕುವ ಜಾಗವನ್ನೇ ನೋಡಿ. ಓದಿದ ಮೇಲೆ, ಬರೆಯುವ ಮೊದಲು, ಗೆಸ್ಟಿನ ಇನ್ನೊಂದು ಪ್ರೊಸೆಸರ್ ಆ ನಮೂದನ್ನು ಬದಲಿಸಿರಬಹುದು. ಅದಕ್ಕೇ ಕೋಡ್ ಹಳೆಯ ಬೆಲೆ ಹಾಗೇ ಇದ್ದರೆ ಮಾತ್ರ ಬರೆಯುತ್ತದೆ. ಇಲ್ಲದಿದ್ದರೆ ಮೊದಲಿನಿಂದ ಇಳಿಯುತ್ತದೆ.

ಇಂಥ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದು 2021ರಲ್ಲಿ ಕಂಡಿತು. ಎಎಂಡಿ ಯಂತ್ರಗಳಲ್ಲಿ ಗೆಸ್ಟಿನೊಳಗೆ ಗೆಸ್ಟ್ ನಡೆಸುವ ಕೆವಿಎಂ ಕೋಡ್, ಗೆಸ್ಟ್ ಕೊಟ್ಟ ವಿವರವನ್ನು ಒಮ್ಮೆ ಓದಿ ಪರೀಕ್ಷಿಸಿ, ಬಳಸುವಾಗ ಅದನ್ನು ಮತ್ತೆ ಗೆಸ್ಟಿನ ಮೆಮೊರಿಯಿಂದಲೇ ಓದುತ್ತಿತ್ತು. ನಡುವಿನ ಕ್ಷಣದಲ್ಲಿ ವಿವರ ಬದಲಿಸಿ ಹೊರಗೆ ದಾಟಬಹುದೆಂದು ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ತೋರಿಸಿತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದು ಸಿವಿಇ-2021-29657. ಇದಕ್ಕೆ ತದ್ವಿರುದ್ಧವಾದ ಪಾಠವೂ ಇದೆ. 2019ರಲ್ಲಿ, ಮೆಮೊರಿಯ ಒಂದು ಭಾಗ ತೆಗೆದಾಗ ಎಲ್ಲ ನಮೂದುಗಳ ಬದಲು ಸಂಬಂಧಪಟ್ಟವನ್ನು ಮಾತ್ರ ಅಳಿಸುವ ಬದಲಾವಣೆ ಕರ್ನಲಿನ 5.1 ಆವೃತ್ತಿಯಲ್ಲಿ ಬಂತು. ಓದಿದರೆ ತಪ್ಪೇ ಕಾಣುವುದಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಗೆಸ್ಟಿಗೆ ಕೊಟ್ಟ ಯಂತ್ರಗಳು ಕೆಟ್ಟವು. ಕಾರಣ ಸಿಗಲಿಲ್ಲ, ಆಗಸ್ಟಿನಲ್ಲಿ ಅದನ್ನು ಹಿಂದೆಗೆದುಕೊಂಡರು. 2024ರ 6.12ರಲ್ಲಿ ಅದು ಮರಳಿದ್ದು, ಬೇಕಾದವರು ಆರಿಸಿಕೊಳ್ಳಲಿ ಎಂಬ ಷರತ್ತಿನೊಂದಿಗೆ. ಕಾರಣ ತಿಳಿಯದೆ ಮುಂದುವರಿಯಲು ಒಪ್ಪದ ಆ ಹಟಕ್ಕೆ ನಾನು ತಲೆಬಾಗುತ್ತೇನೆ.

ಅದೇ 6.12ರಲ್ಲಿ ಆರ್ಮ್ ಪ್ರೊಸೆಸರುಗಳಿಗಾಗಿ ಮಾರ್ಕ್ ಝಿಂಗಿಯರ್ ಬರೆದ ಕೋಡೂ ಸೇರಿತು. ಆರ್ಮ್‌ನಲ್ಲಿ ‘ಎಟಿ’ ಎಂಬ ಆಜ್ಞೆಯಿದೆ. ಈ ವಿಳಾಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಯಂತ್ರ ಒಂದು ರಿಜಿಸ್ಟರಿನಲ್ಲಿ ಉತ್ತರ ಇಡುತ್ತದೆ. ಗೆಸ್ಟೇ ಒಂದು ಹೈಪರ್‌ವೈಸರ್ ಆಗಿದ್ದರೆ ಅದರ ಎಟಿಗೆ ಕೆವಿಎಂ ಉತ್ತರಿಸಬೇಕು. ಗೆಸ್ಟಿನ ಸ್ಥಿತಿಯನ್ನು ಪ್ರೊಸೆಸರಿಗೆ ತುಂಬಿ ಯಂತ್ರವನ್ನೇ ಕೇಳುವುದು ಹತ್ತಿರದ ದಾರಿ. ಆದರೆ ಗೆಸ್ಟಿನ ಟೇಬಲ್ ಇರುವ ಪುಟವನ್ನೇ ಹೋಸ್ಟ್ ಡಿಸ್ಕಿಗೆ ಸರಿಸಿದ್ದರೆ ಯಂತ್ರ ‘ಇಲ್ಲ’ ಎನ್ನುತ್ತದೆ. ಆ ‘ಇಲ್ಲ’ ಗೆಸ್ಟಿನ ಟೇಬಲಿನದಲ್ಲ, ಗೆಸ್ಟಿಗೆ ಅದನ್ನು ಹೇಳಲೂ ಬಾರದು. ಆದ್ದರಿಂದ ಸಾಫ್ಟ್‌ವೇರಿನಲ್ಲೇ ಟೇಬಲ್ ಇಳಿಯುವ ನಿಧಾನದ ದಾರಿಯನ್ನೂ ಬರೆಯಬೇಕಾಯಿತು. ಇದನ್ನು ಪರಿಶೀಲಿಸುವವರು ಹತ್ತು ಸಾವಿರ ಪುಟ ಮೀರಿದ ಆರ್ಮ್ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಹಂತದಲ್ಲಿ ಸೋತರೆ ಯಾವ ಸಂಕೇತ ಬರಬೇಕು, ಮೇಲಿನ ಹಂತದ ನಿರ್ಬಂಧ ಕೆಳಗಿನದಕ್ಕೆ ಹೇಗೆ ಅಂಟುತ್ತದೆ ಎಂದು ಬಿಟ್ ಬಿಟ್ ಹೋಲಿಸಬೇಕು.

ನಮ್ಮವರ ಪಾಲೂ ಇದರಲ್ಲಿದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಮುಂದೆ ಫಾಸ್ ಡಾಟ್ ಇನ್ ಆದ ಸಮ್ಮೇಳನ ಕರ್ನಲ್ ಬರೆಯುವವರನ್ನು ಈ ನಾಡಿಗೆ ಕರೆತಂದಿತು. ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಪವರ್ ಪ್ರೊಸೆಸರಿನ ಯಂತ್ರಗಳ ಮೆಮೊರಿ ಕೋಡಿಗಾಗಿ ದುಡಿಯಿತು. ಹಳೆಯ ಅನುವಾದಗಳನ್ನು ಅಳಿಸಲು ಗೆಸ್ಟಿನೊಳಗಿನ ಹೈಪರ್‌ವೈಸರ್ ಕೇಳಿಕೊಳ್ಳುವ ವ್ಯವಸ್ಥೆಯನ್ನು ಐಬಿಎಂನ ಭರತ ಬಿ. ರಾವ್ ಬರೆದರು, 2021ರ 5.14ರಲ್ಲಿ ಅದು ಸೇರಿತು. ಇನ್ನೊಬ್ಬ ಭಾರತೀಯ ಎಂಜಿನಿಯರ್ ಅನುಪ್ ಪಟೇಲ್, ವೆಸ್ಟರ್ನ್ ಡಿಜಿಟಲ್‌ನಲ್ಲಿದ್ದಾಗ, ರಿಸ್ಕ್-ವಿ ಪ್ರೊಸೆಸರಿನ ಕೆವಿಎಂ ಪ್ಯಾಚ್‌ಗಳನ್ನು 2019ರಲ್ಲೇ ಮುಂದಿಟ್ಟರು. ಪ್ರೊಸೆಸರಿನ ನಿಯಮಗಳು ಅಂತಿಮವಾಗದೆ ಕೋಡ್ ಒಪ್ಪುವುದಿಲ್ಲ ಎಂಬ ನೀತಿ ಅಡ್ಡಬಂತು. ಸಿದ್ಧವಾಗಿದ್ದ ಕೋಡ್ ಎರಡು ವರ್ಷಕ್ಕೂ ಮಿಕ್ಕಿ ಕಾದು, ಮತ್ತೆಮತ್ತೆ ಪರಿಷ್ಕಾರಗೊಂಡು, 2022ರ ಜನವರಿಯಲ್ಲಿ ಹೊರಬಂದ 5.16ರಲ್ಲಿ ಜಾಗ ಪಡೆಯಿತು. ಆರ್ಮ್‌ನಲ್ಲಿ ಸಾಫ್ಟ್‌ವೇರಿನಲ್ಲಿ ಇಳಿಯಬೇಕಾದ ಕಷ್ಟ ಇಲ್ಲಿ ಕಡಿಮೆ. ಗೆಸ್ಟಿನ ವಿಳಾಸವನ್ನು ಎರಡೂ ಹಂತ ದಾಟಿಸಿ ಓದಿಕೊಡುವ ವಿಶೇಷ ಆಜ್ಞೆಗಳು ರಿಸ್ಕ್-ವಿಯಲ್ಲೇ ಇವೆ.

ವಿಜಯಪುರ, ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಸಿಂದಗಿ, ಇಂಡಿಯ ಮಕ್ಕಳಿಗೆ ಪೇಜ್ ಟೇಬಲ್ ಹೊಸದಲ್ಲ, ಆಪರೇಟಿಂಗ್ ಸಿಸ್ಟಮ್ಸ್ ಪತ್ರಿಕೆಗೆ ಅದರ ಚಿತ್ರ ಬರೆದಿರುತ್ತಾರೆ. ನಿಜವಾದ ಕೋಡಿಗೆ ಬರಲು ದುಬಾರಿ ಸರ್ವರ್ ಬೇಕಿಲ್ಲ. ಕ್ಯೂಎಮು ಎಂಬ ಉಚಿತ ತಂತ್ರಾಂಶ ರಿಸ್ಕ್-ವಿಯ ಎರಡು ಹಂತದ ಅನುವಾದವನ್ನೂ, 2024ರ 9.0 ಆವೃತ್ತಿಯಿಂದ ಆರ್ಮ್‌ನ ಗೆಸ್ಟಿನೊಳಗಿನ ಗೆಸ್ಟನ್ನೂ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಅನುಕರಿಸುತ್ತದೆ, ನಿಧಾನವಾಗಿಯಾದರೂ. ಕರ್ನಲಿನ ಜೊತೆಗೇ ಕೆವಿಎಂ ಪರೀಕ್ಷೆಗಳು ಬರುತ್ತವೆ. ಒಂದು ಪರೀಕ್ಷೆ ಓಡಿಸಿ, ಟೇಬಲಿನ ಒಂದು ನಮೂದನ್ನು ಬೇಕೆಂದೇ ಕೆಡಿಸಿ, ಸೋಲು ಯಾವ ಹಂತದಲ್ಲಿ ವರದಿಯಾಯಿತು ಎಂದು ಕೈಪಿಡಿಯೊಡನೆ ಹೋಲಿಸಬಹುದು. ಉತ್ತರ ಹೊಂದದಿದ್ದರೆ, ಆ ಕೋಡ್ ನೋಡಿಕೊಳ್ಳುವವರ ಹೆಸರುಗಳು ಕರ್ನಲಿನ ಮೇಂಟೇನರ್ಸ್ ಕಡತದಲ್ಲಿವೆ.